ಕುರಿಗಳು ಕಟ್ಟಿದ ಊರು: ಇಟಲಿಯ ಬೆಟ್ಟದ ಹಳ್ಳಿಯೊಂದರ ಚರಿತ್ರೆ



ರೋಮ್ ನಗರದಿಂದ ಪೂರ್ವಕ್ಕೆ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರ ಸಾಗಿದರೆ ಅಬ್ರುತ್ಸೊ ಪ್ರಾಂತದ ಲಾಕ್ವಿಲ ನಗರ ಸಿಗುತ್ತದೆ. ಅಲ್ಲಿಂದ ಸುತ್ತುಸುತ್ತಾದ ಬೆಟ್ಟದ ದಾರಿಯಲ್ಲಿ ಮುಕ್ಕಾಲು ಗಂಟೆ ಏರಿದರೆ, ಸಮುದ್ರಮಟ್ಟದಿಂದ ಸುಮಾರು 1,250 ಮೀಟರ್ ಎತ್ತರದಲ್ಲಿ, ಬಿಳಿಯ ಸುಣ್ಣಕಲ್ಲಿನ ಒಂದು ಪುಟ್ಟ ಊರು ಕಾಣಿಸುತ್ತದೆ. ಅದರ ಹೆಸರು ಸಾಂತೊ ಸ್ತೆಫನೊ ದಿ ಸೆಸ್ಸಾನಿಯೊ. ಹೆಸರು ಉದ್ದ, ಊರು ಚಿಕ್ಕದು. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಹತ್ತು ನಿಮಿಷ ಸಾಕು. ಪ್ರವಾಸಿ ಪುಸ್ತಕಗಳು ಇದನ್ನು ‘ಕಾಲ ನಿಂತುಹೋದ ಮಧ್ಯಯುಗದ ಹಳ್ಳಿ’ ಎಂದು ವರ್ಣಿಸುತ್ತವೆ. ನಾವು ಅಲ್ಲಿಗೆ ಹೋಗಲು ಕಾರಣವೂ ಆ ವರ್ಣನೆಯೇ. ಆದರೆ ಮೂರು ದಿನ ಅಲ್ಲಿದ್ದು, ಊರನ್ನೂ ಅದರ ಚರಿತ್ರೆಯನ್ನೂ ಒಟ್ಟಿಗೆ ನೋಡಿದಾಗ ನಮ್ಮನ್ನು ಕಾಡಿದ ಪ್ರಶ್ನೆ ಬೇರೆ. ಕಾಲವು ಎಲ್ಲಿಯೂ ತಾನಾಗಿ ನಿಲ್ಲುವುದಿಲ್ಲ. ಹಾಗಾದರೆ ಈ ಊರಿನಲ್ಲಿ ಅದು ನಿಂತಂತೆ ಕಾಣುವುದೇಕೆ? ಇದಕ್ಕೆ ಬೆಲೆ ತೆತ್ತವರು ಯಾರು? ಈ ದಿನದ ಉಪನ್ಯಾಸ ಈ ಪ್ರಶ್ನೆಯನ್ನು ಕುರಿತದ್ದು.

ಮೊದಲು ಊರಿನ ರೂಪವನ್ನು ನೋಡೋಣ. ಊರಿಗೆ ಪ್ರತ್ಯೇಕವಾದ ಕೋಟೆಗೋಡೆ ಇಲ್ಲ. ಹೊರಸುತ್ತಿನ ಮನೆಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದು, ಅವುಗಳ ಹಿಂಗೋಡೆಗಳೇ ಕೋಟೆಯಾಗಿವೆ. ಹೊರಗಿನಿಂದ ನೋಡುವವರಿಗೆ ಸಣ್ಣ ಸಣ್ಣ ಕಿಟಕಿಗಳುಳ್ಳ ಎತ್ತರದ ಒಂದೇ ಕಲ್ಲಿನ ಗೋಡೆ. ಒಳಗೆ ಓಣಿಗಳು ಇಬ್ಬರು ಎದುರುಬದುರಾಗಿ ಸಾಗುವಷ್ಟು ಮಾತ್ರ ಅಗಲ. ಅನೇಕ ಕಡೆ ಓಣಿಯ ಮೇಲೆಯೇ ಕಮಾನು ಕಟ್ಟಿ, ಕಮಾನಿನ ಮೇಲೆ ಕೋಣೆ ಕಟ್ಟಿದ್ದಾರೆ. ಹೀಗೆ ಕಟ್ಟಿದ್ದರಿಂದ ಜಾಗವೂ ಉಳಿಯಿತು, ಚಳಿಗಾಲದ ಹಿಮದಿಂದ ಓಣಿಗೆ ಮರೆಯೂ ಆಯಿತು. ಊರಿನ ನೆತ್ತಿಯಲ್ಲಿ ದುಂಡನೆಯ ಕಲ್ಲಿನ ಗೋಪುರ. ಆ ಗೋಪುರದ ಕಥೆಯನ್ನು ಮುಂದೆ ಹೇಳುತ್ತೇವೆ.

ಈ ಸೀಮೆಯಲ್ಲಿ ಇಂತಹ ಊರುಗಳು ಹುಟ್ಟಿದ್ದು ಸುಮಾರು ಹನ್ನೊಂದನೆಯ ಶತಮಾನದಿಂದ ಹದಿಮೂರನೆಯ ಶತಮಾನದ ಅವಧಿಯಲ್ಲಿ. ಅದಕ್ಕೂ ಮುಂಚೆ, ರೋಮನರ ಕಾಲದಲ್ಲಿ, ಜನವಸತಿ ಕೆಳಗಿನ ಬಯಲಿನಲ್ಲಿತ್ತು. ಪೆಲ್ತುಯಿನುಮ್ ಎಂಬ ಪಟ್ಟಣದ ಅವಶೇಷಗಳು ಇಂದಿಗೂ ಅಲ್ಲಿ ಹೊಲಗಳ ನಡುವೆ ನಿಂತಿವೆ. ಸಾಮ್ರಾಜ್ಯ ಕುಸಿದ ಮೇಲೆ ಜನರು ಚದುರಿದರು. ಮತ್ತೆ ಅವರನ್ನು ಬೆಟ್ಟದ ನೆತ್ತಿಗಳಲ್ಲಿ ಒಟ್ಟುಗೂಡಿಸಿದ್ದು ಪಾಳೆಯಗಾರರು ಮತ್ತು ಮಠಗಳು. ರಕ್ಷಣೆ ಒಂದು ಕಾರಣ ನಿಜ. ಆದರೆ ಕರ ವಸೂಲಿಗೂ ಜನರು ಒಂದೇ ಕಡೆ ಇರುವುದು ಅನುಕೂಲ ಎಂಬುದನ್ನು ನಾವು ಮರೆಯಬಾರದು. ನಮ್ಮ ಪ್ರವಾಸಿ ಕಣ್ಣಿಗೆ ರಮ್ಯವಾಗಿ ಕಾಣುವ ಈ ಇಕ್ಕಟ್ಟು, ಅಂದಿನ ರೈತನಿಗೆ ಒಡೆಯನ ಕಣ್ಗಾವಲೂ ಆಗಿತ್ತು.

ಆದರೆ ಊರಿನ ಸಂಪತ್ತು ಬಂದದ್ದು ಹೊಲದಿಂದಲ್ಲ, ಕುರಿಯಿಂದ. ಊರಿನ ಮೇಲುಗಡೆ ಗ್ರಾನ್ ಸಾಸೊ ಪರ್ವತ. ಅದರ ಅತ್ಯುನ್ನತ ಶಿಖರ 2,912 ಮೀಟರ್. ಅಪೆನ್ನೈನ್ ಪರ್ವತಶ್ರೇಣಿಯಲ್ಲಿಯೇ ಅತಿ ಎತ್ತರದ್ದು. ಶಿಖರದ ಬುಡದಲ್ಲಿ ಕಾಂಪೊ ಇಂಪೆರಾತೊರೆ ಎಂಬ ವಿಶಾಲವಾದ ಹುಲ್ಲುಗಾವಲು ಹರಡಿದೆ. ಒಂದು ಮರವೂ ಇಲ್ಲದ ಆ ಎತ್ತರದ ಬಯಲನ್ನು ಇಟಲಿಯವರು ‘ಪುಟ್ಟ ಟಿಬೆಟ್’ ಎಂದು ಕರೆಯುವುದುಂಟು. ಬೇಸಿಗೆಯಲ್ಲಿ ಅಲ್ಲಿ ಹುಲ್ಲು ಸಮೃದ್ಧ. ಚಳಿಗಾಲದಲ್ಲಿ ಹಿಮವಲ್ಲದೆ ಬೇರೇನಿಲ್ಲ. ದಕ್ಷಿಣದ ಪುಲಿಯ ಪ್ರಾಂತದ ಬಯಲುಸೀಮೆಯಲ್ಲಿ ಇದಕ್ಕೆ ವಿರುದ್ಧ: ಬೇಸಿಗೆಯಲ್ಲಿ ಎಲ್ಲವೂ ಒಣಗಿ ಬೆಂಗಾಡು, ಚಳಿಗಾಲದಲ್ಲಿ ಹಸಿರು. ಆದ್ದರಿಂದ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕುರಿಗಳು ಬೆಟ್ಟ ಇಳಿದು ದಕ್ಷಿಣಕ್ಕೆ ನಡೆಯುತ್ತಿದ್ದವು. ಮೇ ತಿಂಗಳಲ್ಲಿ ಹಿಂತಿರುಗುತ್ತಿದ್ದವು. ಲಾಕ್ವಿಲದಿಂದ ಫೊಜ್ಜ ಪಟ್ಟಣದವರೆಗಿನ ಕುರಿದಾರಿಯ ಉದ್ದ 244 ಕಿಲೋಮೀಟರ್. ಅದರ ಅಗಲವನ್ನು ಕೇಳಿದರೆ ನಿಮಗೆ ಆಶ್ಚರ್ಯವಾದೀತು: ಸುಮಾರು 111 ಮೀಟರ್! ಇಂದಿನ ಹೆದ್ದಾರಿಗಳಲ್ಲಿ ಬಹುಪಾಲು ಅಷ್ಟು ಅಗಲವಿಲ್ಲ. ಅದು ಬರಿಯ ದಾರಿಯಲ್ಲ, ನಡೆಯುತ್ತ ಮೇಯಲು ಬಿಟ್ಟ ಹುಲ್ಲಿನ ಪಟ್ಟಿ. ಅದನ್ನು ಉತ್ತವನಿಗೆ ದಂಡನೆ ಇತ್ತು.

ಈ ವಲಸೆಯನ್ನು ರಾಜಾದಾಯದ ಮೂಲವಾಗಿಸಿದವನು ನೇಪಲ್ಸಿನ ಅರಸನಾದ ಅರಗಾನ್ ವಂಶದ ಅಲ್ಫೊನ್ಸೊ. ಆತ 1447ರಲ್ಲಿ ಕುರಿಗಳ ಸುಂಕದ ಕಚೇರಿಯೊಂದನ್ನು ಸ್ಥಾಪಿಸಿದನು. ಮುಂದೆ ಅದು ಫೊಜ್ಜದಲ್ಲಿ ನೆಲೆಗೊಂಡಿತು. ಬೆಟ್ಟದ ಕುರಿಗಳು ಪುಲಿಯದ ರಾಜಭೂಮಿಯಲ್ಲಿ ಮೇಯುವುದು ಕಡ್ಡಾಯ, ಮೇಯಿಸಿದ್ದಕ್ಕೆ ತಲೆಯೆಣಿಕೆಯ ಮೇಲೆ ಹಣ ಕೊಡುವುದೂ ಕಡ್ಡಾಯ. ಪ್ರತಿಯಾಗಿ ಕುರಿಗಾಹಿಗೆ ದಾರಿಯ ರಕ್ಷಣೆ, ಹುಲ್ಲುಗಾವಲಿನ ಹಕ್ಕು, ತನ್ನದೇ ನ್ಯಾಯಾಲಯ. ಸ್ಪೇನಿನ ಮೆರಿನೊ ಟಗರುಗಳನ್ನು ತರಿಸಿ ತಳಿಯನ್ನು ಉತ್ತಮಪಡಿಸಿದರು. ಒಳ್ಳೆಯ ವರ್ಷಗಳಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಕುರಿಗಳು ಈ ದಾರಿಗಳಲ್ಲಿ ನಡೆದವು.

ಇಲ್ಲಿ ಒಂದು ಸ್ವಾರಸ್ಯ. ಹದಿನಾರನೆಯ ಶತಮಾನದ ಮಧ್ಯಭಾಗದಿಂದ ಕುರಿಗಳನ್ನು ಅಧಿಕಾರಿಗಳು ಎಣಿಸುವ ಬದಲು ಮಾಲೀಕರೇ ತಮ್ಮ ಸಂಖ್ಯೆಯನ್ನು ಘೋಷಿಸುವ ಪದ್ಧತಿ ಬಂದಿತು. ಸುಂಕ ತಪ್ಪಿಸಲು ಎಲ್ಲರೂ ಕಡಿಮೆ ಹೇಳುವರೆಂದು ನಾವು ಊಹಿಸುತ್ತೇವೆ. ನಡೆದದ್ದು ತಿರುಗುಮುರುಗು. ಹೆಚ್ಚು ಕುರಿ ಘೋಷಿಸಿದವನಿಗೆ ಹೆಚ್ಚು ಮತ್ತು ಉತ್ತಮ ಹುಲ್ಲುಗಾವಲು. ಆದ್ದರಿಂದ ಇಲ್ಲದ ಕುರಿಗಳನ್ನೂ ಘೋಷಿಸಿ, ಅವಕ್ಕೂ ಹಣ ತೆತ್ತು, ಜಾಗ ಹಿಡಿದರು. ಅರಸನ ಬೊಕ್ಕಸಕ್ಕೆ ಇದರಿಂದ ನಷ್ಟವೇನೂ ಇಲ್ಲವಾಗಿ, ಅವನೂ ಕಣ್ಣು ಮುಚ್ಚಿ ಕುಳಿತನು. ಹೀಗಾಗಿ ಆ ಕಾಲದ ಕಡತಗಳಲ್ಲಿ ಕಾಣುವ ಲಕ್ಷಾಂತರ ಕುರಿಗಳು ಹುಲ್ಲು ತಿಂದವಲ್ಲ, ಶಾಯಿ ಮಾತ್ರ ಕುಡಿದವು. ಸರಕಾರಿ ಅಂಕಿಗಳನ್ನು ಕಂಡೊಡನೆ ನಂಬುವ ನಮ್ಮಂಥವರಿಗೆ ಇದು ಒಳ್ಳೆಯ ಎಚ್ಚರಿಕೆ.

ಚರಿತ್ರೆಯ ಪುಸ್ತಕಗಳು ಕುರಿಗಾಹಿಯ ನಡಿಗೆಯನ್ನು ವಿಸ್ತಾರವಾಗಿ ಹೇಳುತ್ತವೆ. ಹಿಂದೆ ಉಳಿದವರ ವಿಷಯದಲ್ಲಿ ಅವು ಜಿಪುಣ. ವರ್ಷದ ಏಳೆಂಟು ತಿಂಗಳು ಗಟ್ಟಿಮುಟ್ಟಾದ ಗಂಡಸರಲ್ಲಿ ಬಹುಪಾಲು ಊರಿನಲ್ಲಿ ಇರುತ್ತಿರಲಿಲ್ಲ. ಹಿಮ ಬಿದ್ದ ಆ ತಿಂಗಳುಗಳಲ್ಲಿ ಹೆಂಗಸರು, ಮುದುಕರು, ಮಕ್ಕಳು ಮಾತ್ರ. ಉಣ್ಣೆ ಬಾಚುವುದು, ನೂಲುವುದು, ಸೌದೆ ಹೊರುವುದು, ಸತ್ತವರನ್ನು ಮಣ್ಣು ಮಾಡುವುದು ಎಲ್ಲವೂ ಅವರ ಪಾಲಿಗೆ. ದೂರದ ಊರಿನ ದುಡಿಮೆ ಮತ್ತು ಹಿಂದೆ ಉಳಿದ ಮನೆ ಎಂಬ ಏರ್ಪಾಡನ್ನು ಈ ಊರು ಅಮೆರಿಕಾ ಹಡಗು ಬರುವ ಮುಂಚೆಯೇ ನಾಲ್ಕು ಶತಮಾನಗಳ ಕಾಲ ಅಭ್ಯಾಸ ಮಾಡಿತ್ತು ಎಂಬುದು ನಮ್ಮ ಅಭಿಪ್ರಾಯ.

ಈಗ ಮೆದಿಚಿಗಳ ಪ್ರವೇಶ. ಫ್ಲಾರೆನ್ಸಿನ ಆ ಶ್ರೀಮಂತ ಮನೆತನವನ್ನು ನಾವೆಲ್ಲರೂ ಚಿತ್ರಕಲೆ ಮತ್ತು ಶಿಲ್ಪಕಲೆಯ ಪೋಷಕರೆಂದು ಬಲ್ಲೆವು. ಅವರ ಹಣದ ಒಂದು ಬೇರು ಉಣ್ಣೆಯಲ್ಲಿತ್ತು. ಸಾಂತೊ ಸ್ತೆಫನೊ ಸೇರಿದಂತೆ ಈ ಸೀಮೆಯ ಊರುಗಳ ಒಡೆತನ ಪಿಕ್ಕೊಲೊಮಿನಿ ಮನೆತನದ್ದಾಗಿತ್ತು. 1579ರಲ್ಲಿ ಆ ವಂಶದ ಕೊಸ್ತಾಂತ್ಸ ಎಂಬಾಕೆ ಅದನ್ನು ತಸ್ಕನಿಯ ಮಹಾಪ್ರಭು ಫ್ರಾಂಚೆಸ್ಕೊ ದೆ ಮೆದಿಚಿಗೆ ಮಾರಿದಳು. ಇಲ್ಲಿ ದೊರೆಯುತ್ತಿದ್ದ ‘ಕರ್ಫಾನ್ಯ’ ಎಂಬ ಕಪ್ಪು ಒರಟು ಉಣ್ಣೆಯಿಂದ ಸೈನಿಕರ ಉಡುಪು, ಸಂನ್ಯಾಸಿಗಳ ನಿಲುವಂಗಿ ತಯಾರಾಗುತ್ತಿದ್ದವು. ನಮ್ಮ ಕಡೆಯ ಕರಿಯ ಕಂಬಳಿಯ ಸ್ಪರ್ಶವನ್ನು ನೆನೆದರೆ ಅದರ ಗುಣ ಸುಮಾರಾಗಿ ತಿಳಿಯುತ್ತದೆ. ಊರಿನ ಪ್ರವೇಶದ್ವಾರದ ಕಮಾನಿನ ಮೇಲೆ ಮೆದಿಚಿಗಳ ಲಾಂಛನ ಇಂದಿಗೂ ಇದೆ. ಕೆಲವು ಮನೆಗಳ ಕಿಟಕಿ ಚೌಕಟ್ಟುಗಳಲ್ಲಿ, ಕಲ್ಲಿನ ಮೆಟ್ಟಿಲ ಮೇಲಿನ ಪುಟ್ಟ ಕಮಾನು ಮಂಟಪಗಳಲ್ಲಿ, ಕುರುಬರ ಊರೊಂದಕ್ಕೆ ಮೀರಿದ ನಾಜೂಕು ಕಾಣುವುದು ಈ ಸಂಬಂಧದಿಂದಲೇ. ಎಂದರೆ, ‘ಮಧ್ಯಯುಗದ ಹಳ್ಳಿ’ ಎಂದು ನಾವು ಮೆಚ್ಚುವುದರಲ್ಲಿ ಬಹಳಷ್ಟು ಮಧ್ಯಯುಗ ಕಳೆದ ಮೇಲೆ ಬಂದದ್ದು! ಮೆದಿಚಿ ವಂಶದ ಕೊನೆಯ ಕುಡಿ 1743ರಲ್ಲಿ ಗತಿಸಿದ ಬಳಿಕ ಊರು ನೇಪಲ್ಸಿನ ಬೂರ್ಬೊನ್ ಅರಸರ ಕೈಸೇರಿತು.

ಇಳಿಗಾಲದ ಕಥೆ ಚಿಕ್ಕದು. ನೆಪೋಲಿಯನ್ನನ ಅಣ್ಣ ಜೋಸೆಫ್ ನೇಪಲ್ಸಿನ ಸಿಂಹಾಸನವೇರಿದಾಗ, 1806ರಲ್ಲಿ, ಫೊಜ್ಜದ ಸುಂಕದ ಕಚೇರಿ ರದ್ದಾಯಿತು. ಇಟಲಿ ಒಂದಾದ ಮೇಲೆ, 1865ರ ಕಾನೂನಿನಿಂದ, ಪುಲಿಯದ ಹುಲ್ಲುಗಾವಲು ಖಾಸಗಿ ಜಮೀನಾಗಿ ನೇಗಿಲಿಗೆ ಸಿಕ್ಕಿತು. ಹುಲ್ಲಿದ್ದಲ್ಲಿ ಗೋಧಿ ಬೆಳೆಯಿತು. ಚಳಿಗಾಲದ ಮೇವು ಕಳೆದುಹೋದ ಮೇಲೆ ಬೇಸಿಗೆಯ ಮೇವಿನಿಂದ ಏನು ಪ್ರಯೋಜನ? ಯಂತ್ರದ ಗಿರಣಿಗಳ ಅಗ್ಗದ ಬಟ್ಟೆ ಉಳಿದ ಕೆಲಸವನ್ನು ಪೂರೈಸಿತು.

ಅಂದಿನಿಂದ ಊರಿನ ಗಂಡಸರು ಕುರಿಯಿಲ್ಲದೆ ನಡೆಯತೊಡಗಿದರು. 1876ರಿಂದ 1915ರವರೆಗೆ ಇಟಲಿಯನ್ನು ಬಿಟ್ಟು ಹೊರಟವರ ಸಂಖ್ಯೆ ಸುಮಾರು 1 ಕೋಟಿ 40 ಲಕ್ಷ. ಅಬ್ರುತ್ಸೊ ಮತ್ತು ಅದರ ನೆರೆಯ ಮೊಲಿಸೆ (1963ರವರೆಗೆ ಇವೆರಡೂ ಒಂದೇ ಪ್ರಾಂತ) ಇದರಲ್ಲಿ ತಮ್ಮ ಪಾಲನ್ನು ಮೀರಿ ಕೊಟ್ಟವು. ಹೋದವರು ಎಲ್ಲಿಗೆ ಹೋದರು ಎಂಬುದನ್ನು ಕೆಲವು ಶೋಕದ ದಿನಾಂಕಗಳು ಹೇಳುತ್ತವೆ. 1907ರ ಡಿಸೆಂಬರ್ 6ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ಮೊನೊಂಗಾ ಕಲ್ಲಿದ್ದಲ ಗಣಿ ಸಿಡಿದಾಗ, ಅಧಿಕೃತ ಲೆಕ್ಕದಂತೆ ಸತ್ತವರು 362 ಮಂದಿ. ಅವರಲ್ಲಿ 171 ಮಂದಿ ಇಟಲಿಯವರು, ಅವರಲ್ಲಿಯೂ ಬಹುಮಂದಿ ಮೊಲಿಸೆಯ ಬೆಟ್ಟದ ಊರುಗಳವರು. ಎರಡನೆಯ ಮಹಾಯುದ್ಧದ ನಂತರ, 1946ರಲ್ಲಿ, ಇಟಲಿ ಮತ್ತು ಬೆಲ್ಜಿಯಂ ಸರಕಾರಗಳು ಒಪ್ಪಂದ ಮಾಡಿಕೊಂಡವು: ಇಟಲಿ 50,000 ಕೂಲಿಗಳನ್ನು ಗಣಿಗಳಿಗೆ ಕಳುಹಿಸುವುದು, ಬೆಲ್ಜಿಯಂ ಅದಕ್ಕೆ ಪ್ರತಿಯಾಗಿ ಕಲ್ಲಿದ್ದಲು ಮಾರುವುದು. ಇದಕ್ಕಿಂತ ಬಿಚ್ಚುಮಾತಿನ ವಿನಿಮಯವನ್ನು ನಾವು ಬೇರೆಲ್ಲಿಯೂ ಓದಿಲ್ಲ. ಹತ್ತು ವರ್ಷ ಕಳೆದು, 1956ರ ಆಗಸ್ಟ್ 8ರಂದು, ಮಾರ್ಸಿನೆಲ್ ಗಣಿಯಲ್ಲಿ ಬೆಂಕಿ ಹತ್ತಿ 262 ಮಂದಿ ಮಡಿದರು. ಅವರಲ್ಲಿ 136 ಮಂದಿ ಇಟಲಿಯವರು. ಮಾನೊಪ್ಪೆಲ್ಲೊ ಎಂಬ ಅಬ್ರುತ್ಸೊ ಊರೊಂದೇ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡಿತು. ಆಗಸ್ಟ್ 8 ಈಗ ಹೊರದೇಶಗಳಲ್ಲಿ ದುಡಿದು ಮಡಿದ ಇಟಲಿಯವರ ರಾಷ್ಟ್ರೀಯ ಸ್ಮರಣದಿನ.

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮಗೆ ಈ ಕಥೆಯ ಇನ್ನೊಂದು ಕವಲು ಹತ್ತಿರದ್ದು. 1950ರ ದಶಕದ ಮೊದಲಿನಿಂದ ಬೆಡ್‌ಫರ್ಡಿನ ಇಟ್ಟಿಗೆ ಕಾರ್ಖಾನೆಗಳು ದಕ್ಷಿಣ ಇಟಲಿಯ ಹಳ್ಳಿಗಳಿಂದ ಆಳುಗಳನ್ನು ಕರೆತಂದವು. ಮೊಲಿಸೆಯ ಬುಸ್ಸೊ ಎಂಬ ಸಣ್ಣ ಊರಿನವರು ಅಲ್ಲಿ ಅನೇಕರು. ಮುಂದೆ ಅದೇ ಗೂಡುಗಳ ಶಾಖದಲ್ಲಿ ಅವರ ಪಕ್ಕ ನಿಂತು ಇಟ್ಟಿಗೆ ಎತ್ತಿದವರು ಪಂಜಾಬಿನವರು. ಅಬ್ರುತ್ಸೊದ ಇಂತ್ರೊದಾಕ್ವ ಎಂಬ ಊರಿನಿಂದ 1910ರಲ್ಲಿ ಹದಿಹರೆಯದ ಹುಡುಗನಾಗಿ ಅಮೆರಿಕಕ್ಕೆ ಹೋಗಿ, ಹಗಲು ಹಾರೆ ಗುದ್ದಲಿ ಹಿಡಿದು ರಾತ್ರಿ ಇಂಗ್ಲಿಷ್ ಕಲಿತು ಕವಿಯಾದ ಪಾಸ್ಕಲ್ ದಾಂಜೆಲೊ ಎಂಬಾತನ ಆತ್ಮಕಥೆ 1924ರಲ್ಲಿ ಪ್ರಕಟವಾಯಿತು. ಅದನ್ನು ದೊರಕಿಸಿಕೊಂಡು ಓದುವಂತೆ, ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಯುವಕ ಯುವತಿಯರಿಗೆ ವಿಶೇಷವಾಗಿ ಹೇಳಬಯಸುತ್ತೇವೆ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹತ್ತಿರವಾಯಿತು. ಒಂದು ಕಾಲಕ್ಕೆ ಸಾವಿರವನ್ನು ಮೀರಿದ್ದ ಸಾಂತೊ ಸ್ತೆಫನೊದ ಜನಸಂಖ್ಯೆ ನೂರರ ಸುತ್ತಿಗೆ ಇಳಿಯಿತು. ಇಟಲಿಯ ಇತರ ಊರುಗಳಲ್ಲಿ 1960ರ ದಶಕದಲ್ಲಿ ಹಣ ಬಂದಾಗ ಜನ ಹಳೆಯ ಮನೆ ಕೆಡವಿ ಸಿಮೆಂಟಿನ ಮನೆ ಕಟ್ಟಿದರು. ಇಲ್ಲಿ ಕೆಡವುವುದಕ್ಕೂ ಜನರಿರಲಿಲ್ಲ. ಊರು ಉಳಿದದ್ದು ಯಾರೋ ಅದನ್ನು ಉಳಿಸಿದ್ದರಿಂದಲ್ಲ, ಎಲ್ಲರೂ ಅದನ್ನು ಬಿಟ್ಟುಹೋದದ್ದರಿಂದ.

ಓಣಿಯಲ್ಲಿ ಬಿಸಿಲು ಕಾಯುತ್ತ ಕುಳಿತಿದ್ದ ವೃದ್ಧೆಯೊಬ್ಬರು ನಮ್ಮನ್ನು ಇಂಗ್ಲಿಷಿನಲ್ಲಿ ಮಾತನಾಡಿಸಿದರು. ನಲವತ್ತು ವರ್ಷ ಕೆನಡಾದಲ್ಲಿದ್ದು, ಈಗ ಬೇಸಿಗೆಗೆ ಮಾತ್ರ ಊರಿಗೆ ಬರುವವರು. ಎದುರಿನ ಬೀಗ ಹಾಕಿದ ಮನೆಯನ್ನು ತೋರಿಸಿ, ಅದಕ್ಕೆ ಹನ್ನೊಂದು ಮಂದಿ ವಾರಸುದಾರರೆಂದರು. ಕೆಲವರು ಬೆಲ್ಜಿಯಂನಲ್ಲಿ, ಕೆಲವರು ಅರ್ಜೆಂಟೀನಾದಲ್ಲಿ, ಇಬ್ಬರ ವಿಳಾಸವೇ ಗೊತ್ತಿಲ್ಲ. ಮಾರಬೇಕಾದರೆ ಎಲ್ಲರ ಸಹಿ ಬೇಕು. ರಿಪೇರಿ ಮಾಡಿಸಬೇಕಾದರೆ ಯಾರಾದರೂ ಒಬ್ಬರು ಹಣ ಹಾಕಬೇಕು. ಎರಡೂ ಆಗುವುದಿಲ್ಲ. ಸೂರು ಒಂದೊಂದೇ ವರ್ಷ ಒಂದೊಂದು ಅಂಗುಲ ಕುಸಿಯುತ್ತದೆ. ಇದನ್ನು ಕೇಳುತ್ತಿದ್ದಾಗ ನಮ್ಮ ಜೊತೆಗಿದ್ದ ಹಿರಿಯರೊಬ್ಬರು, “ಇದು ನಮ್ಮ ಊರ ಮನೆಯ ಕಥೆಯೇ ಆಯಿತಲ್ಲ!” ಎಂದು ಮೆಲ್ಲನೆ ಕನ್ನಡದಲ್ಲಿ ಅಂದರು. ಆಕೆ ಅದರ ಅರ್ಥ ಕೇಳಿದರು. ಹೇಳಿದೆವು. ಆಕೆ ನಕ್ಕು, ಒಳಗೆ ಹೋಗಿ ನಮಗೆಲ್ಲ ಕಾಫಿ ಮಾಡಿ ತಂದರು.

ಬಿಟ್ಟುಹೋದ ಊರಿಗೆ 1999ರಲ್ಲಿ ಒಬ್ಬ ಹೊಸಬ ಬಂದನು. ದಾನಿಯೆಲೆ ಕಿಲ್ಗ್ರೆನ್ ಎಂಬ, ಸ್ವೀಡನ್ ಮೂಲದ ಇಟಲಿಯವನು, ಮೋಟಾರ್ ಸೈಕಲ್ಲಿನಲ್ಲಿ ಸುತ್ತುತ್ತಿದ್ದಾಗ ಈ ಊರನ್ನು ಕಂಡು, ಪಾಳುಬಿದ್ದ ಅನೇಕ ಮನೆಗಳನ್ನು ಕೊಂಡು, ಕೆಲವು ವರ್ಷಗಳಲ್ಲಿ ಅವುಗಳನ್ನು ವಸತಿಗೃಹವಾಗಿ ಮಾರ್ಪಡಿಸಿದನು. ಒಂದೇ ಕಟ್ಟಡದ ಬದಲು ಊರಿನ ಬೇರೆ ಬೇರೆ ಮನೆಗಳಲ್ಲಿ ಕೋಣೆಗಳು ಹರಡಿಕೊಂಡಿರುವ ಇಂತಹ ಹೋಟೆಲಿಗೆ ಇಟಲಿಯಲ್ಲಿ ‘ಚದುರಿದ ಹೋಟೆಲು’ ಎಂಬ ಅರ್ಥದ ಹೆಸರಿದೆ. 1976ರ ಭೂಕಂಪದ ಬಳಿಕ ಈಶಾನ್ಯದ ಫ್ರಿಯೂಲಿ ಸೀಮೆಯಲ್ಲಿ ಹುಟ್ಟಿದ ಕಲ್ಪನೆ ಅದು. ಕಿಲ್ಗ್ರೆನ್ನನ ವೈಶಿಷ್ಟ್ಯವೆಂದರೆ, ಗೋಡೆಗೆ ಹಿಡಿದ ಒಲೆಯ ಮಸಿಯನ್ನೂ ತೊಳೆಯದೆ ಬಿಟ್ಟದ್ದು. ಪೆಸ್ಕಾರದ ಜಾನಪದ ವಸ್ತುಸಂಗ್ರಹಾಲಯದ ನೆರವಿನಿಂದ ಹಳೆಯ ಹೊದಿಕೆ, ಮಂಚ, ಪಾತ್ರೆಗಳನ್ನು ಅಧ್ಯಯನ ಮಾಡಿ, ಆ ಕಾಲದ ಬಡ ಮನೆಯ ಒಳಾಂಗಣವನ್ನೇ ಉಳಿಸಿದನು. ಊರ ಸುತ್ತ ಹೊಸ ಕಟ್ಟಡ ಏಳದಿರುವಂತೆ ಪುರಸಭೆಯೊಡನೆ ಒಪ್ಪಂದ ಮಾಡಿಕೊಂಡನು.

ಇದರ ಬಗ್ಗೆ ನಮ್ಮ ಗುಂಪಿನಲ್ಲಿಯೇ ರಾತ್ರಿ ಬಹಳ ಹೊತ್ತು ವಾದ ನಡೆಯಿತು. ಮಸಿ ಹಿಡಿದ ಗೋಡೆಯ ಕೋಣೆಗೆ ಐಷಾರಾಮಿ ಹೋಟೆಲಿನ ಬಾಡಿಗೆ ತೆತ್ತು ಮಲಗುವುದು, ಆ ಮಸಿಯಲ್ಲಿ ಕಣ್ಣುರಿಸಿಕೊಂಡು ಬದುಕಿದ ಹೆಂಗಸರಿಗೆ ಗೌರವವೋ ಅಪಹಾಸ್ಯವೋ? ಮೊದಲು ಅಪಹಾಸ್ಯವೆಂದೇ ನಮ್ಮಲ್ಲಿ ಹಲವರ ಮತ. ಆದರೆ ಅರಮನೆಗಳನ್ನು ಉಳಿಸಲು ಎಲ್ಲ ಸರಕಾರಗಳೂ ಹಣ ಸುರಿಯುತ್ತವೆ. ಕುರುಬನ ಒಲೆಯ ಮೂಲೆಯನ್ನು ಇದ್ದಂತೆಯೇ ಉಳಿಸಿದವರು ಎಷ್ಟು ಮಂದಿ? ಆ ಮಟ್ಟಿಗೆ ಈ ಕೆಲಸವನ್ನು ನಾವು ಮೆಚ್ಚಬೇಕು. ನಮ್ಮ ಆಕ್ಷೇಪ ಉಳಿದಿರುವುದು ಇನ್ನೊಂದರಲ್ಲಿ: ಊರಿನಲ್ಲಿ ಹಾಸಿಗೆಗಳು ಹೆಚ್ಚಾದವು, ತೊಟ್ಟಿಲುಗಳಲ್ಲ.

ಪುರಸಭೆಗೂ ಈ ಅರಿವು ಇದ್ದಂತಿದೆ. 2020ರಲ್ಲಿ, ಊರಿನ ನೋಂದಾಯಿತ ನಿವಾಸಿಗಳು ಕೇವಲ 115 ಮಂದಿ ಇದ್ದಾಗ, ನಲವತ್ತು ವರ್ಷದೊಳಗಿನವರು ಬಂದು ನೆಲೆಸಿ ಸಣ್ಣ ಉದ್ಯೋಗ ಹೂಡಿದರೆ ಮೂರು ವರ್ಷ ಕಾಲ ವರ್ಷಕ್ಕೆ 8,000 ಯೂರೊವರೆಗೆ ಸಹಾಯಧನ, ಉದ್ಯೋಗಕ್ಕೆ ಬೇರೆ ಹಣ, ನಾಮಮಾತ್ರ ಬಾಡಿಗೆಗೆ ಮನೆ ಕೊಡುವುದಾಗಿ ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಸಾವಿರಕ್ಕೂ ಮಿಕ್ಕಿ ಅರ್ಜಿಗಳು ಬಂದವು. ಆಯ್ಕೆಯಾಗಬೇಕಿದ್ದುದು ಬೆರಳೆಣಿಕೆಯವರು.

ಗೋಪುರದ ಕಥೆ ಹೇಳುವೆವೆಂದಿದ್ದೆವು. ಹದಿನಾಲ್ಕನೆಯ ಶತಮಾನದ್ದೆಂದು ಹೇಳಲಾಗುವ ಆ ಗೋಪುರ ಅನೇಕ ಭೂಕಂಪಗಳನ್ನು ಕಂಡಿತ್ತು. ಈ ಸೀಮೆಯನ್ನು ನಡುಗಿಸಿದ 1461ರ ಮತ್ತು 1703ರ ಮಹಾಕಂಪಗಳೂ ಅವುಗಳಲ್ಲಿ ಸೇರಿವೆ. 2009ರ ಏಪ್ರಿಲ್ 6ರ ನಸುಕಿನ ಮೂರೂವರೆ ಗಂಟೆಗೆ ಲಾಕ್ವಿಲದ ಭೂಮಿ ಮತ್ತೆ ನಡುಗಿತು. 309 ಮಂದಿ ಸತ್ತರು, ಹತ್ತಾರು ಸಾವಿರ ಮಂದಿ ಮನೆ ಕಳೆದುಕೊಂಡರು. ಸಾಂತೊ ಸ್ತೆಫನೊದಲ್ಲಿ ಹಲವು ಮನೆಗಳು ಬಿರುಕುಬಿಟ್ಟವು, ಗೋಪುರ ನೆಲಸಮವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಅದರ ತುದಿಯ ಮರದ ಅಟ್ಟವನ್ನು ತೆಗೆದು ಹಾಕಿದ್ದ ಕಾಂಕ್ರೀಟಿನ ಭಾರವೇ ಕುಸಿತಕ್ಕೆ ಒಂದು ಕಾರಣವೆಂದು ಹೇಳುತ್ತಾರೆ. ಗೋಪುರವಿಲ್ಲದ ಊರಿನ ನೆತ್ತಿಯನ್ನು ನೋಡಲಾರದೆ, ಕೆಲವು ಕಾಲ ಅದೇ ಆಕಾರದಲ್ಲಿ ಕಬ್ಬಿಣದ ಕೊಳವೆಗಳ ಚೌಕಟ್ಟನ್ನು ನಿಲ್ಲಿಸಿದ್ದರು. ಈಗ ಕಲ್ಲಿನ ಗೋಪುರವನ್ನೇ ಮತ್ತೆ ಕಟ್ಟಿದ್ದಾರೆ.

ಇನ್ನೊಂದು ಮಾತನ್ನು ಬಿಟ್ಟರೆ ಈ ಉಪನ್ಯಾಸ ಅಪೂರ್ಣ. ಈ ಬೆಟ್ಟಗಳ ದಕ್ಷಿಣಕ್ಕೆ ಅವೆತ್ಸಾನೊ ಎಂಬಲ್ಲಿ, ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರ ಬಂದಿ ಶಿಬಿರವಿತ್ತು. 1943ರ ಸೆಪ್ಟೆಂಬರಿನಲ್ಲಿ ಇಟಲಿ ಶರಣಾದ ಬಳಿಕ ಅಬ್ರುತ್ಸೊದ ಶಿಬಿರಗಳಿಂದ ತಪ್ಪಿಸಿಕೊಂಡ ಸೈನಿಕರಿಗೆ ಅನ್ನ, ಆಸರೆ ಕೊಟ್ಟವರು ಬೆಟ್ಟದ ಕುರುಬರು ಮತ್ತು ರೈತರು. ಸಿಕ್ಕಿಬಿದ್ದರೆ ಗುಂಡೇಟು ಎಂಬುದು ಅವರಿಗೆ ತಿಳಿದಿತ್ತು. ಅದೇ ವರ್ಷದ ನವೆಂಬರಿನಲ್ಲಿ ಸಾಂಗ್ರೊ ನದಿಯನ್ನು ದಾಟಿ ಜರ್ಮನರ ಮೇಲೆ ಬಿದ್ದ ಸೈನ್ಯದಲ್ಲಿ 8ನೆಯ ಭಾರತೀಯ ಡಿವಿಜನ್ ಇತ್ತು. ಆ ಡಿವಿಜನ್ನಿನಲ್ಲಿ ಮರಾಠಾ ಲಘು ಪದಾತಿದಳದ ಒಂದು ಬೆಟಾಲಿಯನ್ ಇತ್ತು. ಆ ದಳದ ಕೇಂದ್ರ ನಮ್ಮ ಬೆಳಗಾವಿ. ಸಾಂಗ್ರೊ ನದಿಯ ಯುದ್ಧ ಸ್ಮಶಾನದಲ್ಲಿ, ಸಮಾಧಿಗಳ ಸಾಲುಗಳಿಂದ ಪ್ರತ್ಯೇಕವಾಗಿ, ತಮ್ಮ ಧರ್ಮಕ್ಕನುಗುಣವಾಗಿ ದಹನಗೊಂಡ ಐನೂರಕ್ಕೂ ಮಿಕ್ಕ ಭಾರತೀಯ ಸೈನಿಕರ ಸ್ಮಾರಕವಿದೆ. ಬೆಟ್ಟದಿಂದ ಸಮುದ್ರದ ಕಡೆಗೆ ಇಳಿಯುವಾಗ ನಾವು ಅಲ್ಲಿ ನಿಂತೆವು. ಹೆಸರುಗಳನ್ನು ಒಂದೊಂದಾಗಿ ಓದುವಷ್ಟರಲ್ಲಿ ಸಂಜೆಯಾಯಿತು.

ಅಲ್ಲಿಗೆ ಹೋಗಬಯಸುವವರಿಗೆ ಕೊನೆಯದಾಗಿ ಒಂದೆರಡು ಸೂಚನೆಗಳು. ಮೇ ಕೊನೆಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಹತ್ತಿರದ ಕಲಾಶೊ ಊರಿನ ಮೇಲೆ, 1,460 ಮೀಟರ್ ಎತ್ತರದಲ್ಲಿರುವ ರೊಕ್ಕ ಕಲಾಶೊ ಎಂಬ ಹಾಳು ಕೋಟೆಗೆ ನಡೆದೇ ಹೋಗಿರಿ. ದಾರಿಯಲ್ಲಿ ಎಂಟು ಮೂಲೆಯ ಚರ್ಚು ಸಿಗುತ್ತದೆ. ಸಸ್ಯಾಹಾರಿಗಳು ಅಂಜಬೇಕಾಗಿಲ್ಲ. ಸಾವಿರ ಮೀಟರಿಗಿಂತ ಮೇಲಿನ ಕಲ್ಲುನೆಲದಲ್ಲಿ ಬೆಳೆಯುವ ಇಲ್ಲಿಯ ಚನ್ನಂಗಿ ಕಾಳು ಬಹು ಸಣ್ಣದು, ಗಾಢ ಬಣ್ಣದ್ದು, ನೆನೆಸದೆಯೇ ಬೇಯುವಂಥದು. 998ರ ಮಠದ ದಾಖಲೆಯೊಂದರಲ್ಲಿಯೇ ಈ ಸೀಮೆಯ ಚನ್ನಂಗಿಯ ಉಲ್ಲೇಖವಿದೆ. ಬೆಳ್ಳುಳ್ಳಿ, ಆಲಿವ್ ಎಣ್ಣೆ ಹಾಕಿ ಸಾರಿನಂತೆ ಮಾಡಿಕೊಡುತ್ತಾರೆ. ಸೆಪ್ಟೆಂಬರ್ ಮೊದಲಲ್ಲಿ ಅದರದೇ ಜಾತ್ರೆ ನಡೆಯುತ್ತದೆ. ನಾವು ಎರಡು ಕಿಲೋ ಕಾಳು ತಂದೆವು. ಅದರಲ್ಲಿ ಉಳಿದದ್ದನ್ನು ಇಂದಿನ ಊಟಕ್ಕೆ ಬೇಯಿಸಿದೆ. ಒಗ್ಗರಣೆ ಮಾತ್ರ ನಮ್ಮದು.